ಹಳೆ ಸಾಫ್ಟ್ ಫೋಕಸ್ ಲೆನ್ಸ್ ಪಳಗಿಸುವ ಬಗೆ

ಮೊದಲ ಸಲ ಹಳೆ ಸಾಫ್ಟ್ ಫೋಕಸ್ ಲೆನ್ಸನ್ನು ಲಾರ್ಜ್ ಫಾರ್ಮ್ಯಾಟ್ ಕ್ಯಾಮೆರಾಕ್ಕೆ (ಒಂದೊಂದೇ ದೊಡ್ಡ ಶೀಟ್ ಫಿಲ್ಮ್ ತುಂಬಿ ತೆಗೆಯುವಂಥದ್ದು) ಹಾಕಿ ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದಾಗ, ಕನ್ನಡಕ ಒರೆಸಿಕೊಳ್ಳಬೇಕು ಅನ್ನಿಸಿತು. ಒರೆಸಿಕೊಂಡೆ. ಏನೂ ಬದಲಾಗಲಿಲ್ಲ. ಚಿತ್ರ ಮೂಡುವ ಹಿಂಬದಿಯ ತರಿ ಗಾಜು, ಅಂದರೆ ಗ್ರೌಂಡ್ ಗ್ಲಾಸ್ ಒರೆಸಿದೆ. ಅದೇ ಮಂಜು. ಫೋಕಸ್ ನಾಬನ್ನು ಹಿಂದೆ ಮುಂದೆ ತಿರುಗಿಸಿ ಸಾಕಾಯಿತು. ಕೊನೆಗೆ ‘ಮೆದು ಲೆನ್ಸ್ ತಾನೇ, ಎಲ್ಲಿದ್ದರೂ ನಡೆಯುತ್ತೆ’ ಅಂದುಕೊಂಡು ನಾಲ್ಕು ಶೀಟ್ ತೆಗೆದೆ. ನಾಲ್ಕೂ ಹಾಳು. ಮುಖ ಇರಬೇಕಾದ ಕಡೆ ಗಂಜಿಯಂಥ ಬಿಳಿ ಮುದ್ದೆ, ಕಿವಿ ಮಾತ್ರ ಸ್ಪಷ್ಟ.

ನಡೆಯುತ್ತೆ ಅಂದುಕೊಂಡಿದ್ದೇ ತಪ್ಪು. ಮೆದು ಲೆನ್ಸಿನಲ್ಲಿ ಫೋಕಸ್ ಮಾಡಲು ಚೂಪು ಲೆನ್ಸಿಗಿಂತ ಜಾಸ್ತಿ ನಿಗಾ ಬೇಕು. ಆ ನಿಗಾ ಎಲ್ಲೆಲ್ಲಿ ಬೇಕು ಅನ್ನುವುದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಇಂಥ ಕ್ಯಾಮೆರಾ (ವ್ಯೂ ಕ್ಯಾಮೆರಾ) ಬಳಸಿ ನಿಮಗೆ ಅಭ್ಯಾಸವಿದೆ, ಕತ್ತಲಲ್ಲಿ ಹೋಲ್ಡರ್‌ಗೆ ಶೀಟ್ ತುಂಬುವುದು ಗೊತ್ತು ಅಂತ ಇಟ್ಟುಕೊಂಡಿದ್ದೇನೆ.

ಮೆದು ಬೇರೆ, ಮಸುಕು ಬೇರೆ

ಲೆನ್ಸಿನ ನಡುಭಾಗದಿಂದ ಬಂದ ಬೆಳಕು ಒಂದು ಜಾಗದಲ್ಲಿ ಕೂಡುತ್ತದೆ. ಅಂಚಿನಿಂದ ಬಂದ ಬೆಳಕು ಅಷ್ಟು ದೂರ ಹೋಗುವುದಿಲ್ಲ, ಸ್ವಲ್ಪ ಮೊದಲೇ, ಲೆನ್ಸಿಗೆ ಹತ್ತಿರದಲ್ಲೇ ಕೂಡಿಬಿಡುತ್ತದೆ. ಈ ದೋಷಕ್ಕೆ ಸ್ಫೆರಿಕಲ್ ಅಬೆರೇಷನ್ ಅಂತ ಹೆಸರು. ಮಾಮೂಲಿ ಲೆನ್ಸ್ ಮಾಡುವವರು ಇದನ್ನು ತೆಗೆಯಲು ಒದ್ದಾಡುತ್ತಾರೆ. ಸಾಫ್ಟ್ ಫೋಕಸ್ ಲೆನ್ಸ್ ಮಾಡಿದವರು ಬೇಕಂತಲೇ ಉಳಿಸಿಕೊಂಡರು.

ಹೀಗಾಗಿ ಫಿಲ್ಮಿನ ಮೇಲೆ ಎರಡು ಚಿತ್ರ ಬೀಳುತ್ತವೆ. ಒಂದು ಚೂಪಾದ ತಿರುಳು. ಇನ್ನೊಂದು ಅದರ ಸುತ್ತ ಹಬ್ಬುವ ತೆಳು ಬೆಳಕು, ಅದನ್ನು ಪ್ರಭೆ ಅನ್ನೋಣ. ಚೆನ್ನಾಗಿ ಬಂದ ಸಾಫ್ಟ್ ಫೋಕಸ್ ಚಿತ್ರದಲ್ಲಿ ರೆಪ್ಪೆಗೂದಲು ಬಿಡಿಬಿಡಿಯಾಗಿ ಕಾಣುತ್ತದೆ, ಜೊತೆಗೆ ಹಣೆಯ ಹೊಳಪು ಕೂದಲಿನ ಕಪ್ಪಿನೊಳಕ್ಕೆ ಇಳಿದಿರುತ್ತದೆ. ಫೋಕಸ್ ತಪ್ಪಿದ ಚಿತ್ರದಲ್ಲಿ ತಿರುಳೇ ಇರುವುದಿಲ್ಲ. ವ್ಯತ್ಯಾಸ ಇಷ್ಟೇ, ಆದರೆ ಇದು ತಲೆಗೆ ಹೋಗದಿದ್ದರೆ ಮುಂದಿನ ಯಾವ ಹೆಜ್ಜೆಯೂ ಕೆಲಸಕ್ಕೆ ಬರುವುದಿಲ್ಲ.

ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ, ಮುಚ್ಚುತ್ತಾ ಹೋದಂತೆ ಅಂಚಿನ ಬೆಳಕಿಗೆ ತಡೆ ಬೀಳುತ್ತದೆ. ಪ್ರಭೆ ಇಳಿಯುತ್ತದೆ, ತಿರುಳು ಉಳಿಯುತ್ತದೆ. ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು. ಎಫ್/4ರಲ್ಲಿ ಕನಸಿನಂತಿದ್ದ ಮುಖ ಎಫ್/16ರ ಹೊತ್ತಿಗೆ ಪಾಸ್‌ಪೋರ್ಟ್ ಫೋಟೋ ಆಗಿರುತ್ತದೆ. ಹಾಗಾಗಿ ಇಲ್ಲಿ ಅಪರ್ಚರ್ ಉಂಗುರ ತಂಬೂರಿಯ ಬಿರಡೆ ಇದ್ದಂತೆ, ಕೂದಲೆಳೆಯಷ್ಟು ತಿರುಗಿಸಿದರೂ ಶ್ರುತಿ ಬದಲಾಗುತ್ತದೆ. ಲೆನ್ಸ್ ಮುಂದೆ ಡಿಫ್ಯೂಷನ್ ಫಿಲ್ಟರ್ ಹಾಕಿದರೆ ಸಾಲದಾ ಅಂತ ಕೇಳುವವರಿದ್ದಾರೆ. ಕೆಲವು ಸಲ ಸಾಲುತ್ತದೆ. ಆದರೆ ಫಿಲ್ಟರ್ ಚಿತ್ರದ ಎಲ್ಲ ಕಡೆಗೂ ಒಂದೇ ಥರ ಬೆಳಕು ಸವರುತ್ತದೆ. ಲೆನ್ಸಿನ ಮೆದುತನ ಫೋಕಸ್ ಆದ ಜಾಗದಲ್ಲಿ ಒಂದು ಥರ, ಅದರ ಹಿಂದೆ ಒಂದು ಥರ, ಮುಂದೆ ಮತ್ತೊಂದು ಥರ.

ಯಾವ ಲೆನ್ಸ್ ಹಿಡಿಯುವುದು?

ಈ ಲೆನ್ಸ್‌ಗಳ ಕಥೆ ಹಳೆಯದು. ಹಿಂದಿನ ಗಾಜನ್ನು ಸ್ವಲ್ಪ ಬಿಚ್ಚಿದರೆ ಚಿತ್ರ ಮೆದುವಾಗುವಂಥ ಪೋರ್ಟ್ರೇಟ್ ಲೆನ್ಸಿಗೆ ಲಂಡನ್ನಿನ ಡಾಲ್ಮೈಯರ್ ಕಂಪನಿ 1866ರಲ್ಲೇ ಪೇಟೆಂಟ್ ಪಡೆದಿತ್ತು. 1900ರ ಆಸುಪಾಸಿನಲ್ಲಿ ಪಿಕ್ಟೋರಿಯಲಿಸ್ಟ್ ಫೋಟೋಗ್ರಾಫರ್‌ಗಳು ಫೋಟೋ ಕೂಡ ಚಿತ್ರಕಲೆಯಂತೆ ಕಾಣಬೇಕು ಅಂತ ಹೊರಟಾಗ ಇಂಥ ಲೆನ್ಸ್‌ಗಳಿಗೆ ಬೇಡಿಕೆ ಬಂತು. ಬಾಸ್ಟನ್ನಿನ ಪಿಂಕ್‌ಹ್ಯಾಮ್ ಆ್ಯಂಡ್ ಸ್ಮಿತ್ ಮಾಡಿದ ಸೆಮಿ-ಆಕ್ರೊಮ್ಯಾಟಿಕ್ ಲೆನ್ಸ್‌ಗಳನ್ನು ಆಲ್ವಿನ್ ಲ್ಯಾಂಗ್ಡನ್ ಕೋಬರ್ನ್ ತರಹದವರು ಬಳಸಿದರು. ಕಾರ್ಲ್ ಸ್ಟ್ರಸ್ ತನ್ನದೇ ಹೆಸರಿನ ಪಿಕ್ಟೋರಿಯಲ್ ಲೆನ್ಸ್ ಮಾರುಕಟ್ಟೆಗೆ ತಂದ, ಆಮೇಲೆ ಹಾಲಿವುಡ್‌ಗೆ ಹೋಗಿ ಮೊಟ್ಟಮೊದಲ ಛಾಯಾಗ್ರಹಣದ ಆಸ್ಕರ್ ಹಂಚಿಕೊಂಡ. 1932ರಲ್ಲಿ ಆ್ಯನ್ಸೆಲ್ ಆಡಮ್ಸ್, ಎಡ್ವರ್ಡ್ ವೆಸ್ಟನ್ ಮುಂತಾದವರು ಈ ಮೆದುತನದ ವಿರುದ್ಧವೇ ಗುಂಪು ಕಟ್ಟಿಕೊಂಡರು. ಗುಂಪಿಗೆ ಇಟ್ಟ ಹೆಸರು ಎಫ್/64. ಎಷ್ಟು ಸಿಟ್ಟಿತ್ತು ನೋಡಿ, ಅಪರ್ಚರ್ ಸಂಖ್ಯೆಯನ್ನೇ ಬಾವುಟ ಮಾಡಿಕೊಂಡರು. ತಮಾಷೆಯೆಂದರೆ ವೆಸ್ಟನ್ ಸ್ವತಃ ಶುರುವಿನ ವರ್ಷಗಳಲ್ಲಿ ಮೆದು ಚಿತ್ರಗಳಿಂದಲೇ ಹೆಸರು ಮಾಡಿದ್ದ.

ಈಗ ಸಿಗುವ ಲೆನ್ಸ್‌ಗಳನ್ನು ಹೆಸರಿನಿಂದ ಗುರುತಿಸುವುದಕ್ಕಿಂತ, ಮೆದುತನ ಎಲ್ಲಿಂದ ಹಿಡಿತಕ್ಕೆ ಸಿಗುತ್ತದೆ ಅನ್ನುವುದರಿಂದ ಗುರುತಿಸಿದರೆ ಉಪಯೋಗ ಜಾಸ್ತಿ. ಕೆಲವಕ್ಕೆ ಅಪರ್ಚರ್ ಒಂದೇ ದಾರಿ: ವೊಲೆನ್ಸಾಕ್ ವೆರಿಟೊ, ಅದರ ನಂತರ ಬಂದ ವೆರಿಟಾರ್, ಕೋಡಾಕ್ ಪೋರ್ಟ್ರೇಟ್ ಲೆನ್ಸ್ (305 ಮಿ.ಮೀ. ಎಫ್/4.8 ಮತ್ತು 405 ಮಿ.ಮೀ. ಎಫ್/4.5), ಪಿಂಕ್‌ಹ್ಯಾಮ್ ಆ್ಯಂಡ್ ಸ್ಮಿತ್. ಇನ್ನು ಕೆಲವಲ್ಲಿ ಒಂದು ಗಾಜನ್ನು ಸರಿಸಿ ಮೆದುತನ ಹೆಚ್ಚು ಕಡಿಮೆ ಮಾಡಬಹುದು: ಡಾಲ್ಮೈಯರ್ ಪೇಟೆಂಟ್ ಪೋರ್ಟ್ರೇಟ್, ಕೆಲವು ಕುಕ್ ಪೋರ್ಟ್ರೇಟ್ ಲೆನ್ಸ್‌ಗಳು, ಯೂನಿವರ್ಸಲ್ ಹೆಲಿಯಾರ್. ಮೂರನೆಯದು ಜರಡಿ ಬಿಲ್ಲೆಯ ಜಾತಿ. ಪಿಕ್ಟೋರಿಯಲಿಸ್ಟ್ ಫೋಟೋಗ್ರಾಫರ್ ಹೈನ್ರಿಖ್ ಕ್ಯೂನ್ ಸಲಹೆ ಪಡೆದು ರೋಡೆನ್‌ಸ್ಟಾಕ್ ತಂದ ಇಮಾಗಾನ್ ಇಲ್ಲಿ ದೊಡ್ಡಣ್ಣ, ಫ್ಯೂಜಿನಾನ್ ಎಸ್‌ಎಫ್ ಅದೇ ದಾರಿಯದು. ಬಿಲ್ಲೆಯ ನಡುವೆ ದೊಡ್ಡ ತೂತು, ಸುತ್ತ ಚಿಕ್ಕ ತೂತುಗಳು. ನಡುವಿನ ತೂತು ತಿರುಳು ಕೊಡುತ್ತದೆ, ಸುತ್ತಲಿನವು ಪ್ರಭೆ ಕೊಡುತ್ತವೆ. ಇಮಾಗಾನ್ ಬಿಲ್ಲೆಯ ಉಂಗುರ ತಿರುಗಿಸಿದರೆ ಸುತ್ತಲಿನ ತೂತುಗಳು ಮುಚ್ಚಿಕೊಳ್ಳುತ್ತವೆ.

ಮೊದಲ ಲೆನ್ಸ್ ಯಾವುದು ಅಂತ ನನ್ನನ್ನು ಕೇಳಿದರೆ, ಶಟರ್ ಸಮೇತ ಸಿಗುವ ಕೋಡಾಕ್ 305 ಅಥವಾ ವೆರಿಟಾರ್ ಅನ್ನುತ್ತೇನೆ. ವೆರಿಟೊ ಚಂದ, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಅದು ಬಹಳ ಸಲ ಶಟರ್ ಇಲ್ಲದೆ ಬರುತ್ತದೆ, ಮತ್ತು ಎಫ್/4ರಲ್ಲಿ ಹೊಸಬರನ್ನು ಅಳಿಸುತ್ತದೆ.

ಫೋಕಲ್ ಲೆಂತ್ ವಿಷಯ ಸುಲಭ. ಪೋರ್ಟ್ರೇಟ್‌ಗೆ ನಿಮ್ಮ ಫಾರ್ಮ್ಯಾಟಿನ ನಾರ್ಮಲ್ ಲೆನ್ಸಿನ ಒಂದೂವರೆಯಿಂದ ಎರಡು ಪಟ್ಟು. 4×5 ಇಂಚಿನ ಫಿಲ್ಮಿಗೆ 225ರಿಂದ 300 ಮಿ.ಮೀ., 8×10ಕ್ಕೆ 18ರಿಂದ 24 ಇಂಚು.

ಕೈಗೆ ಬಂದ ಕೂಡಲೇ ನೋಡಬೇಕಾದ್ದು

ಲೆನ್ಸನ್ನು ಬೆಳಕಿಗೆ ಹಿಡಿದು ಒಳಗೆ ಟಾರ್ಚ್ ಬಿಡಿ. ಧೂಳು, ಸಣ್ಣ ಗೀರು, ಅಂಚಿನಲ್ಲಿ ಒಂದೆರಡು ಗುಳ್ಳೆ ಕಂಡರೆ ತಲೆ ಕೆಡಿಸಿಕೊಳ್ಳಬೇಡಿ. ಫಂಗಸ್‌ನ ಜೇಡರಬಲೆ, ಇಡೀ ಗಾಜಿಗೆ ಹಬ್ಬಿದ ಹಾಲಿನಂಥ ಮಬ್ಬು, ಗಾಜು ಅಂಟಿಸಿದ ಕಡೆ ಕಾಮನಬಿಲ್ಲಿನ ಬಣ್ಣ ಕಂಡರೆ ಎರಡು ಸಲ ಯೋಚಿಸಿ. ಮಬ್ಬು ಕೊಡುವ ಮೆದುತನ ಬೇರೆ, ಲೆನ್ಸ್ ಕೊಡುವ ಮೆದುತನ ಬೇರೆ. ಮಬ್ಬಿದ್ದರೆ ಇಡೀ ಚಿತ್ರ ಬಿಳಿಚಿಕೊಳ್ಳುತ್ತದೆ, ಕಪ್ಪು ಕಪ್ಪಾಗಿ ಉಳಿಯುವುದಿಲ್ಲ.

ಇನ್ನೊಂದು ಪರೀಕ್ಷೆ ಕಡ್ಡಾಯ. ಅಪರ್ಚರ್ ಎಫ್/16ಕ್ಕೆ ಮುಚ್ಚಿ ಗ್ರೌಂಡ್ ಗ್ಲಾಸಿನಲ್ಲಿ ನೋಡಿ. ಆಗಲೂ ಮೆದುವಾಗಿಯೇ ಇದ್ದರೆ ಒಳಗಿನ ಗಾಜು ಯಾರೋ ಉಲ್ಟಾ ಕೂರಿಸಿದ್ದಾರೆ ಅಂತ ಅನುಮಾನ ಪಡಿ. ನೂರು ವರ್ಷದಲ್ಲಿ ಎಷ್ಟು ಕೈ ಬಿಚ್ಚಿ ಒರೆಸಿರುತ್ತವೋ. ನನಗೆ ಒಬ್ಬರು ಮಾರಿದ ಲೆನ್ಸ್ ಹೀಗೇ ಇತ್ತು. ‘ಇದು ಅಪರೂಪದ ಮೆದು ಲೆನ್ಸ್’ ಅಂತ ಹೊಗಳಿ ಕೊಟ್ಟಿದ್ದರು. ಒಂದು ರಾತ್ರಿ ಕೂತು ಹಿಂದಿನ ಗಾಜು ತಿರುಗಿಸಿ ಹಾಕಿದೆ. ಅಷ್ಟೇ, ಅಪರೂಪವೆಲ್ಲ ಹೋಗಿ ಚೊಕ್ಕ ಲೆನ್ಸ್ ಆಯಿತು.

ಫ್ಲ್ಯಾಂಜ್ ಇದೆಯಾ ಕೇಳಿ. ಲೆನ್ಸನ್ನು ಬೋರ್ಡಿಗೆ ತಿರುಗಿಸಿ ಕೂರಿಸುವ ಹಿತ್ತಾಳೆಯ ಉಂಗುರ ಅದು. ಅದಿಲ್ಲದೆ ಬಂದ ಲೆನ್ಸಿಗೆ ಸರಿಹೊಂದುವ ಎಳೆ ಹುಡುಕುವುದು ಜನ್ಮಾಂತರದ ಕೆಲಸ. ಲೇತ್ ಇರುವವರ ಹತ್ತಿರ ಹೊಸದು ಮಾಡಿಸಬೇಕಾಗುತ್ತದೆ.

ಕ್ಯಾಮೆರಾಕ್ಕೆ ಕೂರಿಸುವುದು

300 ಮಿ.ಮೀ. ಎಫ್/4 ಅಂದರೆ ಬೆಳಕು ಹೋಗುವ ದಾರಿಯೇ 75 ಮಿ.ಮೀ. ಅಗಲ. ಅಷ್ಟು ಗಾಜು, ಅದರ ಮೇಲೆ ಹಿತ್ತಾಳೆ, ಅದರ ಮೇಲೆ ಶಟರ್. ಹಗುರ ಫೀಲ್ಡ್ ಕ್ಯಾಮೆರಾದ ಮುಂದಿನ ಸ್ಟ್ಯಾಂಡರ್ಡ್, ಅಂದರೆ ಲೆನ್ಸ್ ಹೊರುವ ಚೌಕಟ್ಟು, ಈ ಭಾರಕ್ಕೆ ಮೆಲ್ಲಗೆ ತಲೆ ಬಾಗಿಸುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಲೆನ್ಸ್ ಹಾಕಿ ಐದು ನಿಮಿಷ ಬಿಟ್ಟು ಮತ್ತೆ ಫೋಕಸ್ ನೋಡಿ. ಕದಲಿದ್ದರೆ ಲೆನ್ಸಿನ ಕೆಳಗೆ ಒಂದು ಆಸರೆ ಕೊಡಿ. ಬೋರ್ಡಿನ ತೂತು ಕೊರೆಯುವ ಮೊದಲು ನಿಮ್ಮ ಕ್ಯಾಮೆರಾದ ಮುಂಭಾಗಕ್ಕೆ ಲೆನ್ಸಿನ ಹಿಂಭಾಗ ತೂರುತ್ತದಾ ಅಂತಲೂ ಅಳೆದುಕೊಳ್ಳಿ.

ಬೆಲ್ಲೋಸ್ (ಲೆನ್ಸಿಗೂ ಫಿಲ್ಮಿಗೂ ನಡುವಿನ ಮಡಿಕೆ ಚೀಲ) ಲೆಕ್ಕವನ್ನೂ ಮೊದಲೇ ಹಾಕಿ. 300 ಮಿ.ಮೀ. ಲೆನ್ಸಿನಲ್ಲಿ ಒಂದೂವರೆ ಮೀಟರ್ ದೂರದ ಮುಖ ತೆಗೆಯಲು ಬೆಲ್ಲೋಸ್ 375 ಮಿ.ಮೀ. ಚಾಚಬೇಕು. ಇದಕ್ಕೆ ಎಕ್ಸ್‌ಪೋಷರ್ ಕೂಡ ಸುಮಾರು ಮೂರನೇ ಎರಡರಷ್ಟು ಸ್ಟಾಪ್ ಹೆಚ್ಚು ಕೊಡಬೇಕು (ಒಂದು ಸ್ಟಾಪ್ ಹೆಚ್ಚು ಅಂದರೆ ಬೆಳಕು ಎರಡು ಪಟ್ಟು).

ಶಟರ್ ಇಲ್ಲದಿದ್ದರೆ

ಶಟರ್ ಇಲ್ಲದ ಲೆನ್ಸಿಗೆ ದಾರಿಗಳು ಹಲವು. ಸ್ಪೀಡ್ ಗ್ರಾಫಿಕ್ ಕ್ಯಾಮೆರಾ ಇದ್ದರೆ ಫಿಲ್ಮಿನ ಮುಂದೆಯೇ ಇರುವ ಅದರ ಫೋಕಲ್ ಪ್ಲೇನ್ ಶಟರ್ ಇದೆ. ಸಿನಾರ್ ಕ್ಯಾಮೆರಾ ಇದ್ದರೆ ಲೆನ್ಸಿನ ಹಿಂದೆ ಕೂರುವ ಸಿನಾರ್ ಶಟರ್, 8 ಸೆಕೆಂಡಿನಿಂದ 1/60ರ ತನಕ. ಹಳೆ ಸ್ಟುಡಿಯೋಗಳ ನೆಚ್ಚಿನದು ಪ್ಯಾಕರ್ಡ್ ಶಟರ್: ರಬ್ಬರ್ ಬುರುಡೆ ಒತ್ತಿದರೆ ತೆರೆಯುತ್ತದೆ. ಏನೂ ಇಲ್ಲದಿದ್ದರೆ ಲೆನ್ಸ್ ಮುಚ್ಚಳವೇ ಶಟರ್. ಮುಚ್ಚಳ ತೆಗೆದು ಎಣಿಸಿ ಹಾಕುವುದು. ಒಂದು ಸೆಕೆಂಡಿಗಿಂತ ಕಡಿಮೆ ಇದ್ದರೆ ಈ ಕೈಲೆಕ್ಕ ನಂಬಬೇಡಿ.

ಕಿಟಕಿ ಪಕ್ಕದ ಬೆಳಕಿನಲ್ಲಿ ಐಎಸ್‌ಒ 100 ಫಿಲ್ಮಿಗೆ ಎಫ್/5.6ರಲ್ಲಿ ಸುಮಾರು ಕಾಲು ಸೆಕೆಂಡ್ ಬರುತ್ತದೆ ಅಂತಿಟ್ಟುಕೊಳ್ಳಿ. ಮುಚ್ಚಳಕ್ಕೆ ಇದು ತೀರಾ ಬೇಗ. ಅದೇ ಜಾಗದಲ್ಲಿ ಐಎಸ್‌ಒ 6ರಂತೆ ಲೆಕ್ಕ ಹಾಕಿ ಫೋಟೋ ಪೇಪರ್ ಅನ್ನೇ ನೆಗೆಟಿವ್ ಆಗಿ ಬಳಸಿದರೆ 4 ಸೆಕೆಂಡ್, ಆರಾಮ. ಕೂತವರು ಅಷ್ಟು ಹೊತ್ತು ಅಲುಗಾಡಬಾರದು, ಅಷ್ಟೇ. ತಲೆ ಒರಗಿಸಲು ಎತ್ತರದ ಬೆನ್ನಿನ ಕುರ್ಚಿ ಕೊಡಿ.

ಹೊರಗೆ ಬಿಸಿಲಿನಲ್ಲಿ ಉಲ್ಟಾ ತೊಂದರೆ. ಐಎಸ್‌ಒ 100ಕ್ಕೆ ಎಫ್/4ರಲ್ಲಿ 1/2000 ಬೇಕು, ಆದರೆ ಆ ಕಾಲದ ದೊಡ್ಡ ಶಟರ್‌ಗಳು 1/50 ದಾಟುವುದೇ ಅಪರೂಪ. ಅಪರ್ಚರ್ ಮುಚ್ಚಿದರೆ ಮೆದುತನ ಹೋಯಿತು. ಆರು ಸ್ಟಾಪ್‌ನ ಎನ್‌ಡಿ ಫಿಲ್ಟರ್ (ಬೆಳಕು ತಗ್ಗಿಸುವ ಬೂದು ಗಾಜು) ಹಾಕಿ 1/30ಕ್ಕೆ ಇಳಿಸುವುದೊಂದೇ ಉಪಾಯ. ಫಿಲ್ಟರ್ ದೊಡ್ಡದೇ ಬೇಕು, ಇಲ್ಲದಿದ್ದರೆ ಅಂಚಿನ ಬೆಳಕನ್ನು ಅದೇ ಕತ್ತರಿಸಿಬಿಡುತ್ತದೆ.

ಫೋಕಸ್: ಇಲ್ಲೇ ಎಲ್ಲ ಇರುವುದು

ಮನುಷ್ಯರನ್ನು ಕೂರಿಸುವ ಮೊದಲು ಒಂದು ಸಂಜೆ ಸುಮ್ನೆ ಲೆನ್ಸಿನ ಜೊತೆ ಕೂರಿ. ಕೋಣೆ ಕತ್ತಲು ಮಾಡಿ, ಎರಡು ಮೀಟರ್ ದೂರದಲ್ಲಿ ಒಂದು ಚಿಕ್ಕ ಟಾರ್ಚ್ ಬಲ್ಬ್ ಹೊತ್ತಿಸಿ ಇಡಿ. ಅಪರ್ಚರ್ ಪೂರ್ತಿ ತೆಗೆಯಿರಿ. ಭೂತಗನ್ನಡಿ ಹಿಡಿದು ಗ್ರೌಂಡ್ ಗ್ಲಾಸ್ ನೋಡುತ್ತಾ ಬೆಲ್ಲೋಸನ್ನು ನಿಧಾನವಾಗಿ ಉದ್ದ ಮಾಡಿ. ಮೊದಲು ಒಂದು ಉರುಟು ಬಿಲ್ಲೆ ಕಾಣುತ್ತದೆ, ಅದರ ಅಂಚು ಬೆಳಗುತ್ತಿರುತ್ತದೆ. ಉದ್ದ ಮಾಡುತ್ತಾ ಹೋದಂತೆ ಬಿಲ್ಲೆ ಕುಗ್ಗಿ ಸಣ್ಣ ಮುದ್ದೆಯಾಗುತ್ತದೆ. ಇದೇ ಫೋಕಸ್ ಅನ್ನಿಸುತ್ತದೆ. ನಿಲ್ಲಬೇಡಿ. ಇನ್ನೊಂದೆರಡು ಕೂದಲೆಳೆ ಮುಂದೆ ಹೋಗಿ. ಇದ್ದಕ್ಕಿದ್ದಂತೆ ಮುದ್ದೆಯ ನಡುವೆ ಸೂಜಿಮೊನೆಯಂಥ ಚುಕ್ಕಿ ಹೊತ್ತಿಕೊಳ್ಳುತ್ತದೆ, ಸುತ್ತಲಿನ ಬೆಳಕು ಅಗಲವಾಗಿ ತೆಳುವಾಗುತ್ತದೆ. ಆ ಚುಕ್ಕಿಯೇ ತಿರುಳು. ನಿಮಗೆ ಬೇಕಾದ್ದು ಅದು.

ಮುದ್ದೆಯ ಜಾಗದಲ್ಲಿ ನಿಂತರೆ ಪ್ರಭೆ ಕಮ್ಮಿ, ಆದರೆ ಎಲ್ಲವೂ ಊದಿಕೊಂಡಂತೆ. ಚುಕ್ಕಿಯ ಜಾಗದಲ್ಲಿ ನಿಂತರೆ ಪ್ರಭೆ ಜಾಸ್ತಿ, ಆದರೆ ಅದರ ಅಡಿಯಲ್ಲಿ ಗೆರೆಗಳು ಚೂಪು. ನನ್ನ ಮೊದಲ ನಾಲ್ಕು ಶೀಟ್ ಈ ಎರಡರಲ್ಲಿ ಒಂದೂ ಆಗಿರಲಿಲ್ಲ.

ಬಲ್ಬಿನಲ್ಲಿ ಕಣ್ಣು ಪಳಗಿದ ಮೇಲೆ ಮುಖಕ್ಕೆ ಬನ್ನಿ. ಮುಖದಲ್ಲಿ ಬಲ್ಬಿನ ಕೆಲಸ ಮಾಡುವುದು ಕಣ್ಣಿನೊಳಗಿನ ಬೆಳಕಿನ ಚುಕ್ಕಿ. ಕಿಟಕಿಯದ್ದೋ ದೀಪದ್ದೋ ಪ್ರತಿಬಿಂಬ ಅಲ್ಲಿ ಇದ್ದೇ ಇರುತ್ತದೆ. ಕ್ಯಾಮೆರಾಕ್ಕೆ ಹತ್ತಿರದ ಕಣ್ಣನ್ನು ಹಿಡಿಯಿರಿ. ಚರ್ಮದ ಮೇಲೆ ಫೋಕಸ್ ಹುಡುಕಬೇಡಿ, ಸಿಗುವುದಿಲ್ಲ. ಬೆಳಕಿನ ಚುಕ್ಕಿ ಸರಿಯಾಗಿ ಕಾಣದಿದ್ದರೆ ಕೂತವರ ಕೈಗೆ ಚಿಕ್ಕ ಟಾರ್ಚ್ ಕೊಟ್ಟು ಕಣ್ಣಿನ ಪಕ್ಕ ಹಿಡಿಸಿ. ನಾನು ಈಗಲೂ ಹಾಗೇ ಮಾಡುತ್ತೇನೆ. ಎದುರಿಗೆ ಕೂತವರಿಗೂ ನಗು ಬಂದು ಮುಖ ಸಡಿಲವಾಗುತ್ತದೆ.

ಈಗ ಹೆಚ್ಚಿನವರು ಎಡವುವ ಕಡೆ. ತೆರೆದ ಅಪರ್ಚರ್‌ನಲ್ಲಿ ಫೋಕಸ್ ಮಾಡಿ, ಆಮೇಲೆ ಮುಚ್ಚಿ ಫೋಟೋ ತೆಗೆಯುವುದು ನಮಗೆಲ್ಲ ಅಭ್ಯಾಸ. ಮೆದು ಲೆನ್ಸಿನಲ್ಲಿ ಹೀಗೆ ಮಾಡಿದರೆ ಫೋಕಸ್ ಜಾರುತ್ತದೆ. ಅಂಚಿನ ಬೆಳಕು ಹೋದ ಮೇಲೆ ಉಳಿಯುವುದು ನಡುವಿನ ಬೆಳಕು, ಅದು ಕೂಡುವ ಜಾಗ ಇನ್ನೂ ಹಿಂದೆ. ಆಗ ಚೂಪಾಗಿ ಬರುವುದು ನೀವು ಹಿಡಿದ ಕಣ್ಣಲ್ಲ, ಅದರ ಹಿಂದಿರುವುದು. ನನ್ನ ಚಿತ್ರದಲ್ಲಿ ಕಿವಿ ಸ್ಪಷ್ಟ ಬಂದದ್ದು ಹೀಗೆ. ಆದ್ದರಿಂದ ಯಾವ ಅಪರ್ಚರ್‌ನಲ್ಲಿ ತೆಗೆಯುತ್ತೀರೋ ಅದೇ ಅಪರ್ಚರ್‌ನಲ್ಲೇ ಫೋಕಸ್ ಮಾಡಿ. ಕತ್ತಲೆ ಅನ್ನಿಸಿದರೂ ಸರಿ. ಇಮಾಗಾನ್ ಆದರೆ ಬಿಲ್ಲೆ ಹಾಕಿದ ಮೇಲೆ, ಉಂಗುರವನ್ನೂ ತಿರುಗಿಸಿ ಇಟ್ಟ ಮೇಲೆ.

ನಿಮ್ಮ ಲೆನ್ಸ್ ಎಷ್ಟು ಜಾರುತ್ತದೆ ಅಂತ ಕಣ್ಣಾರೆ ನೋಡಬೇಕಾ? ಮೇಜಿನ ಮೇಲೆ ಅಳತೆ ಟೇಪನ್ನು ಕ್ಯಾಮೆರಾಕ್ಕೆ ಓರೆಯಾಗಿ ಉದ್ದಕ್ಕೆ ಹಾಸಿ. ಎಫ್/4ರಲ್ಲಿ 50 ಸೆಂ.ಮೀ. ಗುರುತನ್ನು ಹಿಡಿಯಿರಿ. ಕ್ಯಾಮೆರಾ ಮುಟ್ಟದೆ ಎಫ್/8ಕ್ಕೆ ಮುಚ್ಚಿ ಭೂತಗನ್ನಡಿಯಲ್ಲಿ ನೋಡಿ. ಈಗ ಅತಿ ಚೂಪಾಗಿರುವ ಅಂಕಿ ಬೇರೆ. ನನ್ನ ಲೆನ್ಸಿನಲ್ಲಿ ಎರಡು ಬೆರಳಿನಷ್ಟು ಹಿಂದೆ ಹೋಯಿತು. ಒಂದು ಮುಖದಲ್ಲಿ ಎರಡು ಬೆರಳು ಅಂದರೆ ಕಣ್ಣಿನಿಂದ ಕಪಾಲಕ್ಕೆ.

ಸ್ಟ್ರಸ್ ತರಹದ ಒಂಟಿ ಗಾಜಿನ ಲೆನ್ಸ್‌ಗಳಿಗೆ ಇನ್ನೊಂದು ತಾಪತ್ರಯ ಇದೆ. ಅವುಗಳಲ್ಲಿ ಬಣ್ಣಗಳೂ ಒಂದೇ ಕಡೆ ಕೂಡುವುದಿಲ್ಲ. ನಿಮ್ಮ ಕಣ್ಣು ಹಳದಿ-ಹಸಿರನ್ನು ನೋಡಿ ಫೋಕಸ್ ಮಾಡುತ್ತದೆ, ನೀಲಿಗೆ ಮಾತ್ರ ಸ್ಪಂದಿಸುವ ಫಿಲ್ಮು ಬೇರೆಯದೇ ಜಾಗ ಹಿಡಿಯುತ್ತದೆ. ಎಲ್ಲ ಬಣ್ಣಕ್ಕೂ ಸ್ಪಂದಿಸುವ ಪ್ಯಾಂಕ್ರೊಮ್ಯಾಟಿಕ್ ಫಿಲ್ಮು ಮತ್ತು ಹಳದಿ ಫಿಲ್ಟರ್ ಬಳಸಿದರೆ ಈ ಜಗಳ ಮುಕ್ಕಾಲು ಪಾಲು ತಣ್ಣಗಾಗುತ್ತದೆ.

ಹಿನ್ನೆಲೆ ಈ ಲೆನ್ಸ್‌ಗಳಲ್ಲಿ ಬೆಣ್ಣೆಯಂತೆ ಕರಗುತ್ತದೆ, ಅಂಚುಗಳೇ ಉಳಿಯುವುದಿಲ್ಲ. ಮುನ್ನೆಲೆಯ ಕಥೆ ಹಾಗಲ್ಲ. ಫೋಕಸ್‌ಗಿಂತ ಮುಂದೆ ಬಂದದ್ದು ಗಡುಸಾಗಿ, ಎರಡೆರಡು ಗೆರೆಯಾಗಿ ಕಾಣುತ್ತದೆ. ಹಾಗಾಗಿ ಅನುಮಾನ ಬಂದಾಗ ಫೋಕಸ್ ಸ್ವಲ್ಪ ಮುಂದೆಯೇ ಇರಲಿ, ಕಣ್ಣಿಗಿಂತ ಹಿಂದೆ ಬೇಡ. ಕೂತವರು ಕೈಯನ್ನು ಕ್ಯಾಮೆರಾ ಕಡೆ ಚಾಚಿದ್ದರೆ ಹಿಂದಕ್ಕೆ ತೆಗೆಯಲು ಹೇಳಿ.

ಎಷ್ಟು ಮೆದು ಸಾಕು?

ಒಂದು ಮುಖ, ಒಂದು ಬೆಳಕು, ನಾಲ್ಕು ಶೀಟ್: ಎಫ್/4, 5.6, 8, 11. ಪ್ರತಿ ಸಲ ಹೊಸದಾಗಿ ಫೋಕಸ್. ಪೇಪರ್ ನೆಗೆಟಿವ್‌ನಲ್ಲಿ ಮಾಡಿದರೆ ಖರ್ಚೂ ಕಮ್ಮಿ. ಮುದ್ರಿಸಿ ಗೋಡೆಗೆ ಅಂಟಿಸಿ ಒಂದು ವಾರ ನೋಡಿ. ಮೊದಲ ದಿನ ಎಫ್/4 ಇಷ್ಟವಾಗುತ್ತದೆ. ವಾರದ ಕೊನೆಗೆ ಹೆಚ್ಚಿನವರು 5.6 ಮತ್ತು 8ರ ನಡುವೆ ಬಂದು ನಿಲ್ಲುತ್ತಾರೆ. ನಾನೂ ಅಲ್ಲೇ ನಿಂತೆ.

ಇನ್ನೊಂದು ಮಾತು. ಗ್ರೌಂಡ್ ಗ್ಲಾಸಿನಲ್ಲಿ ಕಾಣುವ ಮೆದುತನವನ್ನು ಪೂರ್ತಿ ನಂಬಬೇಡಿ. ಗಾಜಿನ ತರಿತರಿಯಲ್ಲಿ ಪ್ರಭೆ ಮುಳುಗಿ ಹೋಗುತ್ತದೆ. ಫಿಲ್ಮಿನಲ್ಲಿ ಅದು ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಬರುತ್ತದೆ.

ಬೆಳಕು

ಮೋಡದ ದಿನ, ಎಲ್ಲ ಕಡೆಯಿಂದಲೂ ಸಮವಾಗಿ ಬೀಳುವ ಬೆಳಕು. ಚೂಪು ಲೆನ್ಸಿಗೆ ಇದು ಹಬ್ಬ, ಮೆದು ಲೆನ್ಸಿಗೆ ಸಪ್ಪೆ. ಪ್ರಭೆ ಹುಟ್ಟುವುದು ಬೆಳಕು ಕಪ್ಪಿನ ಪಕ್ಕ ಬಂದು ನಿಂತಾಗ. ಬೆಳಕೂ ಬೂದು, ನೆರಳೂ ಬೂದು ಆದರೆ ಒಂದರ ಮೇಲೊಂದು ಹರಿದು ಕೆಸರಾಗುತ್ತದೆ. ಆದ್ದರಿಂದ ನೀವು ಬೇರೆ ಲೆನ್ಸಿಗೆ ಕೊಡುವುದಕ್ಕಿಂತ ಗಡುಸಾದ ಬೆಳಕು ಕೊಡಿ. ನಾನು ಮುಖದ ಬೆಳಕಿನ ಬದಿಗೂ ನೆರಳಿನ ಬದಿಗೂ ಎರಡು ಸ್ಟಾಪ್ ಅಂತರ ಇಡುತ್ತೇನೆ. ಲೆನ್ಸೇ ನೆರಳಿಗೆ ಒಂದಿಷ್ಟು ಬೆಳಕು ಸುರಿದು ಅಂತರ ತಗ್ಗಿಸುತ್ತದೆ.

ಹಿಂದಿನಿಂದ ಕೂದಲಿಗೆ ಬೀಳುವ ಒಂದು ದೀಪ ಇಡಿ. ಅಲ್ಲಿ ಈ ಲೆನ್ಸ್ ಏನು ಅಂತ ಗೊತ್ತಾಗುತ್ತದೆ. ಹಿನ್ನೆಲೆ ಕಪ್ಪಿರಲಿ. ಬಿಳಿ ಅಂಗಿ ಬೇಡ ಅಂತಲ್ಲ, ಆದರೆ ಕಪ್ಪು ಹಿನ್ನೆಲೆಯ ಮುಂದೆ ಬಿಳಿ ಭುಜ ಮುಖಕ್ಕಿಂತ ಜೋರಾಗಿ ಉರಿಯುತ್ತದೆ. ಹೊಳೆಯುವ ಕಿವಿಯೋಲೆ, ಕನ್ನಡಕದ ಲೋಹದ ಅಂಚು ನೋಡಿಕೊಳ್ಳಿ. ಒಂದೊಂದೂ ಒಂದೊಂದು ಬಲ್ಬ್ ಆಗಿಬಿಡುತ್ತವೆ. ಇಮಾಗಾನ್ ಬಳಸುತ್ತಿದ್ದರೆ ಹಿನ್ನೆಲೆಯಲ್ಲಿ ಎಲೆಗಳ ನಡುವಿನ ಬೆಳಕಿನ ಚುಕ್ಕಿಗಳನ್ನು ತಪ್ಪಿಸಿ. ಪ್ರತಿ ಚುಕ್ಕಿಯೂ ಬಿಲ್ಲೆಯ ತೂತುಗಳ ಆಕಾರದಲ್ಲಿ, ಚಿಕ್ಕ ಹೂವಿನಂತೆ ಅಚ್ಚಾಗುತ್ತದೆ. ಕೆಲವರಿಗೆ ಅದೇ ಇಷ್ಟ. ನನಗೆ ಕ್ಯಾಲೆಂಡರ್ ನೆನಪಾಗುತ್ತದೆ.

ಎಕ್ಸ್‌ಪೋಷರ್ ಮತ್ತು ಡೆವಲಪಿಂಗ್

ಪ್ರಭೆ ತಿರುಳಿಗಿಂತ ಬಹಳ ಮಂಕು. ಎಕ್ಸ್‌ಪೋಷರ್ ಕಮ್ಮಿಯಾದರೆ ಫಿಲ್ಮಿಗೆ ಅದು ತಲುಪುವುದೇ ಇಲ್ಲ, ಚಿತ್ರ ಚೂಪಾಗಿ ಬರುತ್ತದೆ. ಜಾಸ್ತಿಯಾದಷ್ಟೂ ಪ್ರಭೆ ಹಬ್ಬುತ್ತದೆ. ಅಂದರೆ ಅಪರ್ಚರ್ ಜೊತೆಗೆ ಎಕ್ಸ್‌ಪೋಷರ್ ಕೂಡ ಮೆದುತನದ ಇನ್ನೊಂದು ಹಿಡಿ. ಮೊದಲು ಮೀಟರ್ ಹೇಳಿದ್ದನ್ನೇ ಕೊಡಿ, ಎರಡನೇ ಶೀಟಿಗೆ ಒಂದು ಸ್ಟಾಪ್ ಹೆಚ್ಚು ಕೊಟ್ಟು ಹೋಲಿಸಿ.

ಒಂದು ಸೆಕೆಂಡ್ ದಾಟಿದರೆ ಫಿಲ್ಮ್ ಮಂದವಾಗುತ್ತದೆ ಅನ್ನುವುದು ನೆನಪಿರಲಿ. ಇಲ್ಫರ್ಡ್ ಎಚ್‌ಪಿ5 ಪ್ಲಸ್‌ಗೆ ಕಂಪನಿಯೇ ಕೊಟ್ಟ ಸೂತ್ರದ ಪ್ರಕಾರ ಅಳೆದ 4 ಸೆಕೆಂಡಿಗೆ ಸುಮಾರು 6 ಸೆಕೆಂಡ್ ಕೊಡಬೇಕು. ನೆಗೆಟಿವ್ ಸ್ವಲ್ಪ ಸಪ್ಪೆ ಬಂದರೆ ಮುಂದಿನ ಸಲ ಡೆವಲಪಿಂಗ್ ಸಮಯ ಸ್ವಲ್ಪ ಏರಿಸಿ, ಅಥವಾ ಪ್ರಿಂಟ್ ಮಾಡುವಾಗ ಕಪ್ಪು-ಬಿಳುಪಿನ ಅಂತರ ಹೆಚ್ಚಿಸುವ ಗಡುಸು ಗ್ರೇಡ್ ಹಿಡಿಯಿರಿ. ಹೋಲ್ಡರ್ ಮೇಲೆ ಪೆನ್ಸಿಲಿನಲ್ಲಿ ಅಪರ್ಚರ್ ಬರೆದುಕೊಳ್ಳಿ. ಬರೆಯದಿದ್ದರೆ ಕತ್ತಲೆಕೋಣೆಯಿಂದ ಹೊರಬಂದ ಮೇಲೆ ಯಾವುದು 5.6, ಯಾವುದು 8 ಅಂತ ದೇವರಿಗೇ ಗೊತ್ತು.

ಪ್ರಿಂಟ್

8×10 ನೆಗೆಟಿವನ್ನು ಪೇಪರಿಗೇ ಒತ್ತಿ ಅದೇ ಅಳತೆಯಲ್ಲಿ ಮಾಡಿದ ಕಾಂಟ್ಯಾಕ್ಟ್ ಪ್ರಿಂಟ್‌ನಲ್ಲಿ ಹದವಾಗಿ ಕಂಡ ಮೆದುತನ, ಅದನ್ನೇ ನಾಲ್ಕು ಪಟ್ಟು ದೊಡ್ಡದು ಮಾಡಿದಾಗ ಹೊಗೆಯಾಗುತ್ತದೆ. ಹಾಗಾಗಿ 4×5ರಲ್ಲಿ ತೆಗೆದು ದೊಡ್ಡದು ಮಾಡುವ ಯೋಚನೆ ಇದ್ದರೆ ತೆಗೆಯುವಾಗಲೇ ಅರ್ಧ ಸ್ಟಾಪ್ ಹೆಚ್ಚು ಮುಚ್ಚಿರಿ.

ಚೂಪು ನೆಗೆಟಿವ್ ತೆಗೆದುಕೊಂಡು, ಎನ್‌ಲಾರ್ಜರ್‌ನಲ್ಲಿ ಮೆದು ಮಾಡಿದರಾಯಿತು ಅಂತ ಒಮ್ಮೆ ನಾನೂ ಜಾಣತನ ಮಾಡಿದ್ದೆ. ಕ್ಯಾಮೆರಾದಲ್ಲಿ ಬೆಳಕು ಕಪ್ಪಿನೊಳಕ್ಕೆ ಹರಿಯುತ್ತದೆ. ಎನ್‌ಲಾರ್ಜರ್‌ನಲ್ಲಿ ಬೆಳಕು ದಾಟುವುದು ನೆಗೆಟಿವಿನ ತೆಳು ಭಾಗದಿಂದ, ಅಂದರೆ ಚಿತ್ರದ ಕಪ್ಪು ಭಾಗದಿಂದ. ಅಲ್ಲಿ ಹರಡುವುದು ಕಪ್ಪು. ಕೂದಲಿನ ಕಪ್ಪು ಹಣೆಗೆ ಇಳಿದು ಮಸಿ ಮೆತ್ತಿದಂತೆ ಬಂತು.

ಸ್ಕ್ಯಾನ್ ಮಾಡುವುದಾದರೆ ಸಾಫ್ಟ್‌ವೇರಿನ ಶಾರ್ಪನಿಂಗ್ ಮೊದಲೇ ಆಫ್ ಮಾಡಿ. ಎಷ್ಟೋ ಸಾಫ್ಟ್‌ವೇರ್‌ಗಳಲ್ಲಿ ಅದು ತಾನಾಗಿಯೇ ಆನ್ ಇರುತ್ತದೆ, ಪ್ರಭೆಯ ಅಂಚನ್ನು ದೋಷ ಅಂತ ತಿಳಿದು ಗೀಚಿಬಿಡುತ್ತದೆ. ಪರದೆಯ ಮೇಲೆ ನೂರು ಪರ್ಸೆಂಟ್ ದೊಡ್ಡದು ಮಾಡಿ ನೋಡುವ ಚಟವನ್ನೂ ಈ ನೆಗೆಟಿವ್‌ಗಳ ಮಟ್ಟಿಗೆ ಬಿಡಿ. ಪ್ರಿಂಟ್ ತೆಗೆದು, ಕೈಯಳತೆ ದೂರದಲ್ಲಿ ಹಿಡಿದು, ಕಣ್ಣಿನೊಳಗಿನ ಆ ಬೆಳಕಿನ ಚುಕ್ಕಿ ಇನ್ನೂ ಚುಕ್ಕಿಯಾಗಿಯೇ ಇದೆಯಾ ನೋಡಿ.